ಒಂಬತ್ತನೆಯ ಐಟಂ, ಮೂರು ನಿಮಿಷ

ನೈರೋಬಿಯಲ್ಲಿ ನಮ್ಮ ಮಾವನ ಬಾಯಲ್ಲಿ ವಂದನೆ ಹೇಳಿಸಿಕೊಳ್ಳದೆ ಉಳಿದಿರುವ ಮನುಷ್ಯಜೀವಿ ಒಂದೇ ಒಂದು ಎಂದರೆ ನೀವು ನಂಬುವುದಿಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಿ. ಇರಲಿ, ಇನ್ನೊಂದಿಬ್ಬರು ಇದ್ದರೂ ಇದ್ದಾರು. ಆದರೆ ಅವರು ಲಂಗಾಟಾ ದಾಟಿ ನ್ಯಾಷನಲ್ ಪಾರ್ಕಿನ ಬೇಲಿಯ ಒಳಗೆ ವಾಸಿಸುವವರೇ ಆಗಿರಬೇಕು. ಅವರನ್ನು ಸಾಮಾನ್ಯವಾಗಿ ಸಿಂಹ ಎನ್ನುತ್ತಾರೆ.

ಮಾವ ಎಂದರೆ ನನ್ನ ಗಂಡನ ಅಪ್ಪನಲ್ಲ, ನನ್ನ ಸೋದರತ್ತೆಯ ಯಜಮಾನರು. ಮೈಸೂರಿನಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳಿ, ಈ ದೇಶದ ಪೌರರೂ ಆಗಿ, ಈಗ ನಿವೃತ್ತರಾಗಿ ಲಂಗಾಟಾದಲ್ಲಿದ್ದಾರೆ. ಪಾಠ ಹೇಳಿದ್ದು ಹೊಟ್ಟೆಪಾಡಿಗೆ. ಅವರ ನಿಜವಾದ ಉದ್ಯೋಗ ವಂದನಾರ್ಪಣೆ.

ನಮ್ಮ ಜನ ಎಲ್ಲಿ ನಾಲ್ಕು ಕುರ್ಚಿ ಹಾಕಿದರೂ ಅಲ್ಲೊಂದು ಪ್ರಾರ್ಥನೆ, ಒಂದು ಸ್ವಾಗತ, ಒಂದಷ್ಟು ಭಾಷಣ, ಕೊನೆಗೊಂದು ವಂದನಾರ್ಪಣೆ ಇರಲೇಬೇಕಲ್ಲ! ಬೇರೆ ಕಡೆ ವಂದನಾರ್ಪಣೆ ಎಂದರೆ ಜನ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುವಾಗ ಮೇಲಿನಿಂದ ಕೇಳಿಬರುವ ಒಂದು ಸದ್ದು, ಅಷ್ಟೆ. ನಮ್ಮ ಮಾವ ಇಲ್ಲಿನ ಕನ್ನಡ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಮುಖ್ಯ ಕಾರ್ಯಕ್ರಮವನ್ನಾಗಿ ಮಾಡಿಬಿಟ್ಟಿದ್ದರು. ಸಭೆಗೆ ಒಂದು ಗಂಟೆ ಮೊದಲೇ ಹೋಗಿ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು, ಮೈಕ್ ಕಟ್ಟುವವನು, ಕುರ್ಚಿ ಜೋಡಿಸುವವನು, ಗೇಟು ಕಾಯುವ ಅಸ್ಕರಿ, ಪಾತ್ರೆ ತೊಳೆಯಲು ಬಂದ ಹೆಂಗಸು, ಎಲ್ಲರ ಹೆಸರು ಬರೆದುಕೊಳ್ಳುತ್ತಿದ್ದರು. ಬರೀ ಹೆಸರಲ್ಲ, ಒಬ್ಬೊಬ್ಬರ ಬಗ್ಗೆ ಎರಡೆರಡು ಮಾತು. "ಹೆಸರು ಪಟ್ಟೀಲಿ ಬಂತು ಅಂದ್ರೆ ಬಿಡೋ ಹಾಗಿಲ್ಲ ಕಣಮ್ಮ, ಅದು ಧರ್ಮ" ಎನ್ನುತ್ತಿದ್ದರು. ಒಮ್ಮೆ ಪಾರ್ಕಿಂಗ್ ಜಾಗಕ್ಕಾಗಿ ಜಗಳವಾಡಿ ಮಾವನ ಕಾಲರ್ ಹಿಡಿದವನ ಹೆಸರೂ ಪಟ್ಟಿಯಲ್ಲಿತ್ತು. ಅದೇ ಸಂಜೆ ಅವನಿಗೂ ವಂದನೆ ಸಂದಿತು. ಕಾಲರ್ ಮಾತ್ರ ಇನ್ನೂ ಸುಕ್ಕಾಗಿಯೇ ಇತ್ತು.

ಒಂದು ಯುಗಾದಿಯ ದಿನ ಅವರು ವಂದಿಸುತ್ತಿರುವಾಗಲೇ ಕರೆಂಟು ಹೋಯಿತು. ಬೇರೆಯವರಾಗಿದ್ದರೆ ಇಳಿಯುತ್ತಿದ್ದರು. ಮಾವ ಕತ್ತಲಲ್ಲೇ "ಇಷ್ಟು ಹೊತ್ತು ನಮ್ಮೊಡನಿದ್ದ ವಿದ್ಯುಚ್ಛಕ್ತಿಗೂ ಸಂಘದ ಪರವಾಗಿ..." ಎಂದು ಮುಂದುವರಿಸಿದರು. ನೋಟ್‌ಬುಕ್ ಕಾಣದಿದ್ದರೂ ಒಂದು ಹೆಸರೂ ತಪ್ಪಲಿಲ್ಲ. ಕರೆಂಟು ಬಂದಾಗ ಬಿಸಿಬೇಳೆಬಾತ್ ಪಾತ್ರೆಯೊಳಗೆ ಇಟ್ಟಿಗೆಯಾಗಿತ್ತು. ಅದನ್ನು ಸೌಟಿನಿಂದ ಬಡಿಸಿದರೋ ಚಾಕುವಿನಿಂದ ಕೊಯ್ದರೋ ಎಂಬ ಬಗ್ಗೆ ಸಂಘದಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ.

ಇಂಥ ಹೊತ್ತಿನಲ್ಲೆಲ್ಲ ಅತ್ತೆ ಕೊನೆಯ ಸಾಲಿನಲ್ಲಿ ಕೂತು ತಮ್ಮ ಕಪ್ಪು ವ್ಯಾನಿಟಿ ಬ್ಯಾಗನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು. ಸಾಕು, ಇಳಿಯಿರಿ ಎಂದು ಅದರರ್ಥ. ಮದುವೆಯಾದ ಹೊಸತರಲ್ಲಿ ಮಾಡಿಕೊಂಡ ಒಪ್ಪಂದವಂತೆ. ಮಾವ ಅದನ್ನು ನೋಡಿ ತಲೆಯಾಡಿಸಿ ಮುಂದಿನ ಪುಟ ತಿರುಗಿಸುತ್ತಿದ್ದರು.

ಈಗ ಆ ಉಳಿದ ಒಂದು ಜೀವಿ ಯಾರೆಂದು ನಿಮಗೆ ಗೊತ್ತಾಗಿರಬೇಕು. ಒಂದು ಸಲ ಅವರ ಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಅತ್ತೆ ಯಾವ ದೂರಿನ ದನಿಯೂ ಇಲ್ಲದೆ ನನಗೆ ಹೇಳಿದರು: "ಕುರ್ಚಿ ಜೋಡಿಸಿದವನಿಗೆ ಎರಡು ಮಾತು ಸಿಗತ್ತೆ ಪುಟ್ಟಿ. ನಾನು ನಲವತ್ತೊಂದು ವರ್ಷ ತಟ್ಟೆ ಜೋಡಿಸಿದೀನಿ. ಒಂದು ಮಾತು?"

ನನಗೆ ಸಿಟ್ಟು ಬೇಗ. ನೆಟ್ಟಗೆ ಹಾಲಿಗೆ ಹೋಗಿ ಮಾವನನ್ನು ಕೇಳಿಯೇಬಿಟ್ಟೆ.

"ಮನೆಯವರಿಗೆ ಥ್ಯಾಂಕ್ಸ್ ಹೇಳೋದು ಅಂದ್ರೇನಮ್ಮ?" ಅವರಿಗೆ ನಿಜಕ್ಕೂ ಆಶ್ಚರ್ಯ. "ಬಲಗೈ ಎಡಗೈಗೆ ಯಾವತ್ತಾದ್ರೂ ವಂದನೆ ಹೇಳತ್ತಾ?"

"ಎರಡೂ ಕೈ ಸೇರಿದ್ರೇನೇ ನಮಸ್ಕಾರ ಅಲ್ವಾ ಮಾವ?"

"ಅದು ಬಯಾಲಜಿ. ನಂದು ಫಿಸಿಕ್ಸ್."

ಅತ್ತೆಯ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನೂ ನಾನು ಕೇಳಿಲ್ಲ. "ಇವಳೇ", "ಎಲ್ಲಿದೀಯೇ", ಬೇರೆಯವರ ಮುಂದಾದರೆ "ನಮ್ಮನೇಲಿ". ಊರಿನವರ ಹೆಸರೆಲ್ಲ ನೋಟ್‌ಬುಕ್ಕಿನಲ್ಲಿ, ಮನೆಯವಳ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ!

ಎಲ್ಲದಕ್ಕೂ ಒಂದು ಕೊನೆ ಇರುತ್ತದಲ್ಲ. ಸಂಘಕ್ಕೆ ಹೊಸ ಕಮಿಟಿ ಬಂತು. ಎಲ್ಲ ಹುಡುಗರು, ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗಳಲ್ಲಿ ಮ್ಯಾನೇಜರುಗಳು. ಅವರಲ್ಲೊಬ್ಬ ಬಲು ವಿನಯದಿಂದ, "ಅಂಕಲ್, ಈ ಸಲದಿಂದ ಟೈಮ್ ಸೇವ್ ಮಾಡೋಣ ಅಂತಿದೀವಿ. ಶುರುನಲ್ಲೇ ಆಲ್ ಪ್ರೋಟೊಕಾಲ್ಸ್ ಅಬ್ಸರ್ವ್ಡ್ ಅಂದ್ಬಿಟ್ರೆ ಎಲ್ಲರಿಗೂ ಹೇಳಿದ ಹಾಗೇ ಆಗತ್ತೆ" ಎಂದ.

ಇದು ಇಲ್ಲಿನ ಭಾಷಣಕಾರರ ಮಂತ್ರ. ವೇದಿಕೆಯ ಮೇಲಿರುವ ಮಂತ್ರಿ, ಬಿಷಪ್ಪು, ಹಿರಿಯರು, ಕಿರಿಯರು, ಯಾರ ಹೆಸರನ್ನೂ ಹೇಳದೆ ಈ ಮೂರು ಪದದಲ್ಲಿ ಎಲ್ಲರನ್ನೂ ಒಟ್ಟಿಗೆ ಮುಗಿಸಿಬಿಡಬಹುದು. ಮಾವನಿಗೆ ಇದನ್ನು ಕಂಡರೆ ಮೈ ಉರಿಯುತ್ತದೆ. "ಊಟದ ಎಲೆ ಮುಂದೆ ಕೂತು ಆಲ್ ಐಟಮ್ಸ್ ಈಟನ್ ಅಂದ್ರೆ ಹೊಟ್ಟೆ ತುಂಬತ್ತೇನಯ್ಯಾ?" ಎಂದು ಕೇಳಿದರು. ಹುಡುಗ ನಕ್ಕ. ಮುಂದಿನ ಸಮಾರಂಭದಲ್ಲಿ ಪರದೆಯ ಮೇಲೆ "ಎಲ್ಲರಿಗೂ ಧನ್ಯವಾದಗಳು" ಎಂಬ ಸ್ಲೈಡ್ ಬಂತು. ಹೂವಿನ ಚಿತ್ರವಿತ್ತು. ನಾಲ್ಕು ಸೆಕೆಂಡು.

ಮಾವ ಅಂದು ಊಟ ಮಾಡದೆ ಮನೆಗೆ ಬಂದರು. ಆಮೇಲಿನ ತಿಂಗಳುಗಳು ನಮಗೆಲ್ಲ ಕಷ್ಟದವು. ಅಷ್ಟು ವರ್ಷ ಮೈಕಿನ ಮುಂದೆ ಹರಿದದ್ದು ಈಗ ಎಲ್ಲಿ ಹರಿಯಬೇಕು? ಇಲ್ಲಿನ ಮಿನಿಬಸ್ಸು ಮಟಾಟುವಿನಿಂದ ಇಳಿಯುವ ಮೊದಲು ಬಾಗಿಲಲ್ಲಿ ನಿಂತು ಡ್ರೈವರಿಗೆ, ಕಂಡಕ್ಟರಿಗೆ, ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಅಜ್ಜಿಗೆ ವಂದನೆ ಸಲ್ಲಿಸತೊಡಗಿದರು. ಹಿಂದಿನ ಮಟಾಟುಗಳು ಹಾರ್ನ್ ಹೊಡೆದವು. "ಮ್ಜೀ, ಶುಕಾ!" ಎಂದ ಕಂಡಕ್ಟರ್, ಯಜಮಾನರೇ ಇಳಿಯಿರಿ ಎಂದು. ಮಾವ ಅವನಿಗೆ ಅದಕ್ಕೂ ಅಸಾಂಟೆ ಎಂದು ಸ್ವಾಹಿಲಿಯಲ್ಲೊಂದು ವಂದನೆ ಹೇಳಿ ಇಳಿದರು. ನನ್ನ ಮಗಳ ಶಾಲೆಯ ಪೋಷಕರ ಸಭೆಗೆ ಬಂದವರು, ಪ್ರಿನ್ಸಿಪಾಲರು ಮಾತು ಮುಗಿಸಿದ್ದೇ ತಡ, ಯಾರೂ ಕರೆಯದೆ ಎದ್ದು ನಿಂತರು. ಮಗಳು ಕೂತಲ್ಲೇ ಕುಗ್ಗಿ, "ಅಮ್ಮಾ, ಪ್ಲೀಸ್, ಐ ಡೋಂಟ್ ನೋ ಹಿಮ್" ಎಂದಳು. ನಾನೂ ಅದೇ ನಿಲುವು ತಳೆದೆ.

ಅಷ್ಟರಲ್ಲಿ ದೇಶದ ಅಧ್ಯಕ್ಷರ ಚುನಾವಣೆ ಬಂತು. ಊರು ತುಂಬ ಪೋಸ್ಟರು, ತಲೆಯ ಮೇಲೆ ಹೆಲಿಕಾಪ್ಟರು, ಬೀದಿಯಲ್ಲಿ ಲೌಡ್‌ಸ್ಪೀಕರ್ ಹೊತ್ತ ಲಾರಿಗಳು. ನಮ್ಮ ಭಾರತೀಯ ಸಂಘಗಳೆಲ್ಲ ಸೇರಿ ರಿವರ್‌ಸೈಡ್ ಹತ್ತಿರದ ಒಂದು ಹಾಲಿನಲ್ಲಿ ಶನಿವಾರ ಮಧ್ಯಾಹ್ನ ಸಭೆ ಇಟ್ಟುಕೊಂಡವು. ಮೂವರು ಅಭ್ಯರ್ಥಿಗಳಿಗೆ ಕರೆ ಹೋಯಿತು. ಒಬ್ಬರು ತಾವೇ ಬರುತ್ತೇನೆಂದರು. ಇಬ್ಬರು ತಮ್ಮ ಪರವಾಗಿ ಮಾತನಾಡುವವರನ್ನು ಕಳಿಸುತ್ತೇನೆಂದರು.

ಸ್ವಾಗತ ಭಾಷಣಕ್ಕೆ ಹನ್ನೊಂದು ಜನ ಬಡಿದಾಡಿದರು. ಹಾರ ಹಾಕಲು ಎರಡು ಸಂಘಗಳು ಮಾತು ಬಿಟ್ಟವು. ಒಂಬತ್ತನೆಯ ಐಟಂ ಆದ ವಂದನಾರ್ಪಣೆ ಯಾರಿಗೂ ಬೇಡವಾಗಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಫೋಟೋದವರು ಹೋಗಿರುತ್ತಾರೆ. ಮಾವ ಕೈ ಎತ್ತಿದರು. ಅಚ್ಚಾದ ಕಾರ್ಯಕ್ರಮ ಪಟ್ಟಿ ಬಂದ ದಿನ ಅದನ್ನು ದೇವರ ಮುಂದಿಟ್ಟು, ಕಿಲೆಲೆಶ್ವಾದ ನಮ್ಮ ಮನೆಗೂ ಒಂದು ಪ್ರತಿ ತಂದುಕೊಟ್ಟರು. ಸಂಘಟಕರು ಮಾತ್ರ ಅವರ ಖ್ಯಾತಿ ಕೇಳಿದ್ದರು. ನನಗೆ ಫೋನ್ ಮಾಡಿ, "ಮೇಡಂ, ಓನ್ಲಿ ತ್ರೀ ಮಿನಿಟ್ಸ್. ದಾಟಿದರೆ ಮೈಕ್ ಆಫ್ ಮಾಡು ಅಂತ ಸೌಂಡಿನವನಿಗೆ ಹೇಳಿದ್ದೇನೆ" ಎಂದರು. ಇದನ್ನು ಮಾವನಿಗೆ ತಿಳಿಸುವ ಕೆಲಸ ನನ್ನದು.

"ಮೂರು ನಿಮಿಷ?" ಮಾವ ಕಿಟಕಿಯ ಹೊರಗೆ ನೋಡಿದರು. "ಇರಲಿ ಬಿಡಮ್ಮ. ಅದೇ ಕೊನೇದಾಗಿರಬಹುದು. ಇನ್ಯಾರು ಕರೀತಾರೆ ನನ್ನ?"

ಆ ಮಾತು ನನಗೆ ಹಿಡಿಸಲಿಲ್ಲ. ಆ ಮೂರು ನಿಮಿಷ ಅವರಿಗೆ ಸಿಗಲೇಬೇಕು ಎಂದು ಅಂದೇ ತೀರ್ಮಾನಿಸಿದೆ.

ಎರಡು ಗಂಟೆಗೆ ಶುರುವಾಗಬೇಕಿದ್ದ ಸಭೆಗೆ ಒಂದು ಗಂಟೆಗೇ ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ಮಾವ ಗೇಟಿನಿಂದಲೇ ಶುರು ಮಾಡಿದರು. ಅಸ್ಕರಿಯ ಹೆಸರು ಒಟಿಯೆನೊ, ಸೌಂಡಿನವನು ಮ್ವಾಂಗಿ, ಕುರ್ಚಿಯವರು ನಾಲ್ವರು. ಚಹಾದ ಜವಾಬ್ದಾರಿ ಮಾಮಾ ಜೇರಿ ಎಂಬ ದಪ್ಪನೆಯ ಹೆಂಗಸಿನದು. ಆಕೆ ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಅಭ್ಯರ್ಥಿಯ ಮೆರವಣಿಗೆಗೆಂದು ರಸ್ತೆ ಮುಚ್ಚಿದ್ದಾರಂತೆ, ಸಹಾಯಕ್ಕೆ ಬರಬೇಕಾದ ಇಬ್ಬರು ಹುಡುಗಿಯರು ಮಟಾಟುವಿನಲ್ಲಿ ಸಿಕ್ಕಿಕೊಂಡಿದ್ದಾರಂತೆ. ಮುನ್ನೂರು ಜನಕ್ಕೆ ಚಹಾ! ಅತ್ತೆ ಒಂದು ಮಾತೂ ಆಡದೆ ವ್ಯಾನಿಟಿ ಬ್ಯಾಗನ್ನು ನನ್ನ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದರು. ಮಾವ ಇದನ್ನು ನೋಡಲಿಲ್ಲ. ಅವರು ಕುರ್ಚಿಯ ಮೂರನೆಯವನ ಊರು ಬರೆದುಕೊಳ್ಳುತ್ತಿದ್ದರು.

ಮೂರೂವರೆಗೆ ಮೊದಲ ಪ್ರತಿನಿಧಿ ಬಂದರು. ಮೈಕ್ ಹಿಡಿದ ಕೂಡಲೇ "ಆಲ್ ಪ್ರೋಟೊಕಾಲ್ಸ್ ಅಬ್ಸರ್ವ್ಡ್" ಎಂದರು. ನನ್ನ ಪಕ್ಕದಲ್ಲಿ ಮಾವ ಕಣ್ಣು ಮುಚ್ಚಿಕೊಂಡರು. "ನಾನು ನಮ್ಮ ಅಭ್ಯರ್ಥಿಯ ಕಣ್ಣಾಗಿ, ಕಿವಿಯಾಗಿ, ಬಾಯಾಗಿ ಬಂದಿದ್ದೇನೆ" ಎಂದರು ಪ್ರತಿನಿಧಿ.

"ಹಾಗಾದ್ರೆ ಅವರ ಹತ್ರ ಏನು ಉಳೀತು?" ಎಂದರು ಮಾವ, ಕಣ್ಣು ಮುಚ್ಚಿಕೊಂಡೇ.

ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಆ ಪುಣ್ಯಾತ್ಮರು ತಾವೇ ಅಭ್ಯರ್ಥಿಯಾಗಬೇಕಿತ್ತೆಂದು ಜನ ಹೇಗೆ ಕೈಕಾಲು ಹಿಡಿದರು, ತಾವು ಹೇಗೆ ತ್ಯಾಗ ಮಾಡಿದರು ಎಂದು ವಿವರಿಸಿದರು. ಹೆಣ್ಣು ನೋಡಲು ಹುಡುಗನ ಬದಲು ಅವನ ಚಿಕ್ಕಪ್ಪ ಬಂದು, ಉಪ್ಪಿಟ್ಟು ತಿಂದು, ತನ್ನ ಜಾತಕ ಬಿಚ್ಚಿದ ಹಾಗಿತ್ತು.

ಎರಡನೆಯ ಪ್ರತಿನಿಧಿ ಏರುತ್ತಿದ್ದಂತೆ ಮಾವ ನೋಟ್‌ಬುಕ್ಕಿನ ಹಳೆಯ ಪುಟ ತೆಗೆದು ನನ್ನ ಮುಂದೆ ಹಿಡಿದರು. "ನೋಡು. ಹೋದ ಚುನಾವಣೇಲಿ ಇದೇ ಹಾಲು, ಇದೇ ಮನುಷ್ಯ. ಆಗ ಎದುರು ಪಾರ್ಟಿ ಪರವಾಗಿ ಬಂದಿದ್ರು." ಪ್ರತಿನಿಧಿ ಹೇಳಿದ ಮೊಸಳೆಯ ಜೋಕು ಕೂಡ ಹಳೆಯದೇ ಅಂತೆ. ಹೋದ ಸಲ ಮೊಸಳೆ ಎಂದರೆ ಈಗಿನ ಅಭ್ಯರ್ಥಿಯಾಗಿದ್ದರು, ಅಷ್ಟೇ ವ್ಯತ್ಯಾಸ.

"ಇಂಥವರಿಗೂ ವಂದನೆ ಹೇಳ್ತೀರಾ ಮಾವ?"

"ಪಟ್ಟೀಲಿ ಇದಾರಲ್ಲಮ್ಮ. ಹೆಸರು ಹೊಸದಾಗಿ ಬರೆಯೋ ಕೆಲಸ ತಪ್ಪಿತು."

ಕೊನೆಗೆ, ಐದು ಗಂಟೆಗೆ, ಸೈರನ್ ಕೂಗಿಸಿಕೊಂಡು ಸ್ವಯಂ ಅಭ್ಯರ್ಥಿಗಳೇ ಬಂದರು. ಬಂದವರೇ ಎರಡೂ ಕೈ ಚಾಚಿ "ಕೇಮ್ ಛೋ!" ಎಂದರು. ಭಾರತದಿಂದ ಬಂದವರೆಲ್ಲ ಗುಜರಾತಿಗಳೆಂದು ಯಾರೋ ಹೇಳಿರಬೇಕು. ಹಾಲಿನಲ್ಲಿದ್ದ ಪಂಜಾಬಿಗಳು, ಮಲಯಾಳಿಗಳು, ಮಂಗಳೂರಿನವರು ಎಲ್ಲ ಗಂಭೀರವಾಗಿ "ಮಜಾಮಾ" ಎಂದೆವು. ಆಮೇಲೆ ಅವರು ನಾವೆಲ್ಲ ಈ ದೇಶದ ಒಂದು ಬುಡಕಟ್ಟು, ಒಂದೇ ಬುಡಕಟ್ಟು ಎಂದರು. ಚಪ್ಪಾಳೆ ಹೊಡೆಯುತ್ತ ಮಾವ, "ನಮ್ಮ ಸಂಘದ ಕಮಿಟಿ ಮೀಟಿಂಗಿಗೆ ಇವರನ್ನ ಒಂದ್ಸಲ ಕರೆಸಬೇಕು" ಎಂದರು.

ಪ್ರಶ್ನೆಗಳ ಸಮಯ ಬಂತು. ಒಬ್ಬರು ತೆರಿಗೆಯ ಬಗ್ಗೆ ಕೇಳಿದರು, ಇನ್ನೊಬ್ಬರು ವೀಸಾ ಬಗ್ಗೆ. ಮೂರನೆಯದಾಗಿ ನಮ್ಮ ಮಾವ ಎದ್ದರು. ನಾನು ಅವರ ಕೋಟು ಹಿಡಿದು ಎಳೆದೆ. ಕೋಟಿನಿಂದ ಒಂದು ಗುಂಡಿ ಬಂತು, ಮಾವ ಬರಲಿಲ್ಲ.

"ಮ್ಹೆಶಿಮಿವಾ," ಎಂದರು. ಇಲ್ಲಿ ದೊಡ್ಡವರನ್ನು ಹಾಗೆಯೇ ಕರೆಯುವುದು. "ತಮ್ಮ ಕಾರು ಓಡಿಸಿಕೊಂಡು ಬಂದ ಚಾಲಕರ ಹೆಸರೇನು?"

ಅಭ್ಯರ್ಥಿ ಆರ್ಥಿಕ ನೀತಿಗೆ ಸಿದ್ಧರಾಗಿ ಬಂದಿದ್ದವರು. ಅವರು ತಮ್ಮ ಸಹಾಯಕನನ್ನು ನೋಡಿದರು. ಸಹಾಯಕ ಅವನ ಸಹಾಯಕನನ್ನು ನೋಡಿದ. ಮೂರನೆಯವನು ಫೋನ್ ನೋಡಿದ. "ನಮ್ಮ ಸರಕಾರದಲ್ಲಿ ಪ್ರತಿಯೊಬ್ಬ ಚಾಲಕನಿಗೂ ಗೌರವ ಸಿಗುತ್ತದೆ!" ಎಂದರು ಅಭ್ಯರ್ಥಿ, ಮುಷ್ಟಿ ಎತ್ತಿ. ಚಪ್ಪಾಳೆಯೋ ಚಪ್ಪಾಳೆ!

ಮಾವ ನೆಟ್ಟಗೆ ಹೊರಗೆ ನಡೆದು ತಾವೇ ಕೇಳಿಕೊಂಡು ಬಂದರು. "ಕಿಪ್ರೊನೊ ಅಂತೆ. ಒಂಬತ್ತು ವರ್ಷದಿಂದ ಓಡಿಸ್ತಾ ಇದಾನಂತೆ. ಒಂಬತ್ತು ವರ್ಷ ಜೊತೇಲಿರೋ ಮನುಷ್ಯನ ಹೆಸರು ಬಾಯಿಗೆ ಬರಲ್ಲ ಅಂದ್ರೆ! ಎಂಥ ಜನಾನಮ್ಮ ಇವರು!"

ನಾನು ಕೆಳಗೆ ನೋಡಿದೆ. ನನ್ನ ತೊಡೆಯ ಮೇಲೆ ಅತ್ತೆಯ ವ್ಯಾನಿಟಿ ಬ್ಯಾಗಿತ್ತು.

ಅಷ್ಟರಲ್ಲಿ ಅವರಿಗೆ ನೆನಪಾಯಿತು. ಚಹಾದವರ ಹೆಸರು ಪೂರ್ತಿ ಬರೆದುಕೊಂಡಿಲ್ಲ. "ಸ್ವಲ್ಪ ಅಡುಗೆಮನೆಗೆ ಹೋಗಿ, ಯಾರ್ಯಾರು ಮಾಡಿದ್ರು ಅಂತ ಕೇಳಿ ಬರೆಸ್ಕೊಂಡು ಬಾಮ್ಮ" ಎಂದರು. ಹೋದೆ. ಒಳಗೆ ಉಗಿಯ ನಡುವೆ ಅತ್ತೆ ಮತ್ತು ಮಾಮಾ ಜೇರಿ ಕಪ್ಪುಗಳನ್ನು ಸಾಲಾಗಿ ಇಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ, ಆದರೂ ಇಬ್ಬರೂ ನಗುತ್ತಿದ್ದರು. ಮಾಮಾ ಜೇರಿ ಕೈ ಒರೆಸಿಕೊಂಡು ಚೀಟಿಯಲ್ಲಿ ಎರಡು ಹೆಸರು ದುಂಡಗೆ ಬರೆದುಕೊಟ್ಟರು. ಓದಿದೆ. ಮಡಿಸಿದೆ. ತಂದು ಮಾವನ ನೋಟ್‌ಬುಕ್ಕಿನೊಳಗೆ ಇಟ್ಟೆ. ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಸ್ವಭಾವ ಅಷ್ಟು ಒಳ್ಳೆಯದಲ್ಲ.

ಚಹಾ ಹಂಚಿದ್ದೇ ತಡ, ಅಭ್ಯರ್ಥಿ ಹೊರಟರು. ಅಭ್ಯರ್ಥಿಯ ಹಿಂದೆ ಸಂಘಟಕರು, ಅವರ ಹಿಂದೆ ಹಾರ ಹಾಕಿದವರು, ಅವರ ಹಿಂದೆ ಸೆಲ್ಫಿಯವರು. ಐದು ನಿಮಿಷದಲ್ಲಿ ಮುನ್ನೂರು ಜನರ ಹಾಲು ಬರಿದಾಯಿತು. ಮಾವ ಮೈಕಿನ ಮುಂದೆ ನೋಟ್‌ಬುಕ್ ಹಿಡಿದು ನಿಂತಿದ್ದರು. ಎದುರಿಗೆ ನಾನೊಬ್ಬಳು. ಕುರ್ಚಿಯವರು ಆಗಲೇ ಹಿಂದಿನ ಸಾಲಿನಿಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ್ದರು.

ನನಗೆ ಅಳು ಬಂತು, ಸಿಟ್ಟೂ ಬಂತು. "ಬನ್ನಿ ಮಾವ, ಹೋಗೋಣ" ಎಂದೆ.

"ಐಟಂ ನಂಬರ್ ಒಂಬತ್ತು" ಎಂದರು ಮಾವ ಮೈಕಿನಲ್ಲಿ.

ಮೊದಲು ಇಬ್ಬರು ಪ್ರತಿನಿಧಿಗಳಿಗೂ ಅಭ್ಯರ್ಥಿಗೂ ವಂದನೆ. ಮೂವರೂ ಇರಲಿಲ್ಲ, ಒಂದೊಂದು ವಾಕ್ಯದಲ್ಲಿ ಮುಗಿಯಿತು. ಚಾಲಕ ಕಿಪ್ರೊನೊಗೆ ಎರಡು. ಆಮೇಲೆ ಇಂಗ್ಲಿಷು, ಸ್ವಾಹಿಲಿ ಕಲಸಿ ಶುರು ಮಾಡಿದರು: "ಬೆಳಿಗ್ಗೆ ಆರರಿಂದ ಗೇಟಿನಲ್ಲಿ ನಿಂತಿರುವ ಒಟಿಯೆನೊ ಅವರಿಗೆ. ಅವರ ಮಗಳು ಈ ವರ್ಷ ನರ್ಸಿಂಗ್ ಸೇರಿದ್ದಾಳೆ." ಬಾಗಿಲಲ್ಲಿ ಒಟಿಯೆನೊ ಕಾಣಿಸಿಕೊಂಡ. ಟೋಪಿ ತೆಗೆದ. ಕುರ್ಚಿಯ ನಾಲ್ವರ ಹೆಸರು ಬಂದವು, ಊರು ಸಹಿತ. ನಾಲ್ವರೂ ಪೇರಿಸುವುದನ್ನು ನಿಲ್ಲಿಸಿದರು. ಒಬ್ಬ ಪೇರಿಸಿದ್ದ ಕುರ್ಚಿಯನ್ನೇ ಇಳಿಸಿ ಅದರ ಮೇಲೆ ಕೂತ. ಮೂರು ನಿಮಿಷ ಆಯಿತು. ನಾನು ಸೌಂಡಿನವನ ಕಡೆ ನೋಡಿದೆ. ಮ್ವಾಂಗಿ ಗಡಿಯಾರ ನೋಡಿದ, ಸ್ವಿಚ್ ನೋಡಿದ, ಕೈ ಕಟ್ಟಿಕೊಂಡ. ಮುಂದಿನ ಹೆಸರು ಅವನದೇ ಆಗಿತ್ತು.

ಯೋಚಿಸಿ ನೋಡಿ, ಮಾವನ ಇಪ್ಪತ್ತೆಂಟು ವರ್ಷದ ವಂದನಾರ್ಪಣೆಯಲ್ಲಿ, ರಾಜಕೀಯದ ಕಡೆಯವರನ್ನು ಬಿಟ್ಟರೆ, ಹೆಸರಿದ್ದವರೆಲ್ಲ ಕೂತು ಕೇಳಿದ್ದು, ಹೆಸರಿಲ್ಲದವರೆಲ್ಲ ಎದ್ದು ಹೋಗಿದ್ದು ಅದೇ ಮೊದಲ ಸಲ.

"ಕೊನೆಯದಾಗಿ ಚಹಾ" ಎಂದು ಮಾವ ಚೀಟಿ ಬಿಡಿಸಿದರು. "ಮಾಮಾ ಜೇರಿ ಅವರಿಗೆ..." ಎರಡು ಮಾತು ಹೇಳಿದರು. ಆಕೆ ಅಡುಗೆಮನೆಯ ಬಾಗಿಲಿಗೆ ಬಂದರು. ಹಿಂದೆ ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

ಮಾವ ಎರಡನೆಯ ಹೆಸರು ಓದಿದರು. ಮನಸ್ಸಿನಲ್ಲಿ. ಕತ್ತಲಲ್ಲೂ ತಡವರಿಸದ ಮನುಷ್ಯ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚೀಟಿಯಲ್ಲಿ ಅದೇ ಇತ್ತು. ಪಟ್ಟಿಯಲ್ಲಿರುವ ಹೆಸರನ್ನು ಬಿಡುವಂತಿಲ್ಲ. ಮನೆಯವರಿಗೆ ವಂದನೆ ಹೇಳುವಂತಿಲ್ಲ. ಹಾಲಿನಲ್ಲಿದ್ದ ಅಷ್ಟೂ ಜನ ಅವರನ್ನೇ ನೋಡುತ್ತಿದ್ದರು.

"ಶ್ರೀಮತಿ," ಎಂದರು. ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. "ಶ್ರೀಮತಿ ಸರೋಜಾ ಅವರಿಗೆ."

ಆಮೇಲಿನದೆಲ್ಲ ಕನ್ನಡದಲ್ಲೇ ಬಂತು. "ಇವತ್ತು ಮುನ್ನೂರು ಜನಕ್ಕೆ ಚಹಾ ಮಾಡಿದಾರೆ. ನಾನು ನೋಡಿರಲಿಲ್ಲ. ಅದಕ್ಕೆ ಮುಂಚೆ ನಲವತ್ತೊಂದು ವರ್ಷ... ಅದನ್ನೂ ನಾನು..." ಅಲ್ಲಿಗೆ ನಿಂತಿತು. ಮೈಕು ಆನ್ ಇತ್ತು. ಅವರ ಉಸಿರು ಹಾಲಿನ ತುಂಬ ಕೇಳುತ್ತಿತ್ತು. ಆಮೇಲೆ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟು, ಬಲಗೈಗೆ ಎಡಗೈ ಸೇರಿಸಿ, ಅಡುಗೆಮನೆಯ ಬಾಗಿಲಿನ ಕಡೆಗೆ ನಮಸ್ಕಾರ ಮಾಡಿದರು. ಕನ್ನಡ ಬಾರದ ಆ ಆರೂ ಮಂದಿ, ಜೊತೆಗೆ ಮಾಮಾ ಜೇರಿ, ಚಪ್ಪಾಳೆ ತಟ್ಟಿದರು.

ನಾನು ಬ್ಯಾಗ್ ತೆಗೆದುಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಅದನ್ನು ಎತ್ತಲಿಲ್ಲ. ಎದೆಗೆ ಒತ್ತಿ ಹಿಡಿದು ನಿಂತೇ ಇದ್ದರು.

ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ವಾಪಸು ಲಂಗಾಟಾಕ್ಕೆ ಹೊರಟೆ. ಅರ್ಧ ದಾರಿಯಲ್ಲಿ ಮಾವ ನನ್ನ ಪಕ್ಕದ ಸೀಟಿನಿಂದ ಮೆಲ್ಲಗೆ ಕೇಳಿದರು: "ಮೂರು ನಿಮಿಷ ದಾಟಿತೇನಮ್ಮ?"

ಹದಿನಾಲ್ಕು ನಿಮಿಷ ಆಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅತ್ತೆ ಹೇಳಿದರು:

"ಇನ್ನೂ ಸ್ವಲ್ಪ ಹೊತ್ತು ಮಾತಾಡಬಹುದಿತ್ತು."